ಹಾಸನದಲ್ಲಿದ್ದುಕೊಂಡು ಗುಹೆ ಡೈವಿಂಗ್ ತರಬೇತಿಗೆ ತಯಾರಾಗುವುದು ಹೇಗೆ?

ನೇತ್ರಾಣಿಯಲ್ಲಿ ಎರಡು ಸಲ ಸ್ಕೂಬಾ ಮಾಡಿದ್ದೀರಿ, ಈಗ ಮೆಕ್ಸಿಕೋಗೆ ಹೋಗಿ ಗುಹೆ ಡೈವಿಂಗ್ ಕಲಿಯಬೇಕು ಅಂತೀರಿ. ಸ್ವಲ್ಪ ತಡೀರಿ. ಅಷ್ಟು ಅನುಭವ ಸಾಲದು. ಸಮುದ್ರದಲ್ಲಾದರೆ ತೊಂದರೆಯಾದಾಗ ಮೇಲೆ ಬರಬಹುದು. ಗುಹೆಯಲ್ಲಿ ತಲೆ ಮೇಲೆ ಬಂಡೆ ಅಲ್ವಾ, ಹೋದ ದಾರಿಯಲ್ಲೇ ವಾಪಸ್ ಬರಬೇಕು.

ಅದಕ್ಕೇ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ: ಹೋಗಲು ಒಂದು, ಬರಲು ಒಂದು, ಆಪತ್ತಿಗೊಂದು. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ದರೆ ಒಂದು ಪಾಲನ್ನು 66ರ ಬದಲು 60 ಅಂತ ಕಡಿಮೆಯೇ ಹಿಡಿದು, 140ಕ್ಕೇ ಹಿಂದೆ ತಿರುಗಬೇಕು. ಟಾರ್ಚ್ ಒಬ್ಬೊಬ್ಬರಿಗೂ ಕನಿಷ್ಠ 3.

ಮೊದಲು ಬೇರೆ ಡೈವ್‌ಗಳಲ್ಲಿ ಮುಳುಗದೆ, ಮೇಲೇಳದೆ, ಮೈ ಅಡ್ಡಲಾಗಿ ಇಟ್ಟು ನಿಲ್ಲುವುದನ್ನು ಪಕ್ಕಾ ಮಾಡಿಕೊಳ್ಳಿ. ಕಪ್ಪೆಯ ಹಾಗೆ ಕಾಲು ಬಡಿಯುವುದನ್ನು ಊರಿನ ಈಜುಕೊಳದಲ್ಲೇ ರೂಢಿಸಿಕೊಳ್ಳಬಹುದು. ಕಾಲು ಕೆಳಕ್ಕೆ ಬಡಿದರೆ ತಳದ ಹೂಳು ಎದ್ದು ಏನೂ ಕಾಣುವುದಿಲ್ಲ.

ಆಗ ಉಳಿಯುವುದು ಹೊರಗಿನವರೆಗೆ ಕಟ್ಟಿದ ದಾರ ಮಾತ್ರ. ಇದರ ಅಭ್ಯಾಸವನ್ನು ತರಬೇತುದಾರರೇ ನೆಲದ ಮೇಲೆ ಮಾಡಿಸುತ್ತಾರೆ. ನಿಮಗಂತೂ ಸಕಲೇಶಪುರ ಪಕ್ಕದಲ್ಲೇ ಇದೆ. ಪರಿಚಯದವರ ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ನೈಲಾನ್ ದಾರ ಸುತ್ತಿ. ಕಣ್ಣಿಗೆ ಬಟ್ಟೆ ಕಟ್ಟಿ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ದಾರ ಅದರೊಳಗೆ ಜಾರುವಂತೆ ನಡೆಯಿರಿ. ಎಳೆಯಬೇಡಿ. ತೋಟದ ಆಳುಗಳು ನಗುತ್ತಾರೆ, ನಗಲಿ ಬಿಡಿ.