ಹನ್ನೆರಡು ಸಾವಿರ ವರ್ಷದ ಹಿಂದಿನ ಪ್ರಳಯ ಮತ್ತು ಈ ವರ್ಷದ ಪಿಎಫ್ ಹಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿರುವವರು, ನಲವತ್ತು ದಾಟಿದ ಡಿಪ್ಲೊಮಾ ಓದಿದ ಗಂಡಸು. ಶಿವಣ್ಣ ಎನ್ನೋಣ. ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಮೊದಲು ಬಂದದ್ದು ಅವರ ಹೆಂಡತಿ.

"ಕುಡಿಯಂಗಿಲ್ಲ, ಇಸ್ಪೀಟಿಲ್ಲ ಮೇಡಂ. ಭೂಮಿ ಮಗುಚಿ ಬೀಳ್ತೈತಿ ಅಂತ ಪಿಎಫ್ ತೆಗೆದು ಚಿಕ್ಕಮಗಳೂರು ಕಡೆ ಗುಡ್ಡದಾಗ ಅರ್ಧ ಎಕರೆಗೆ ಮುಂಗಡ ಕೊಟ್ಟು ಬಂದಾರ. ಮಗಳಿಗೆ ಸಿಇಟಿ ಯಾಕ ಬೇಕು ಅಂತಾರ."

ಮುಂದಿನ ವಾರ ಶಿವಣ್ಣ ತಾವೇ ಬಂದರು, ಹೆಂಡತಿಯ ಒತ್ತಾಯಕ್ಕೆ. ರಾತ್ರಿ ಪಾಳಿ ಇಲ್ಲದ ದಿನವೂ ಮೂರು ಗಂಟೆಯವರೆಗೆ ವಿಡಿಯೊ ನೋಡುವುದು, ಎದ್ದರೆ ಕಣ್ಣು ಕೆಂಪು. ಮಾತು ಮಾತ್ರ ಸ್ಪಷ್ಟ. ಹನ್ನೆರಡು ಸಾವಿರ ವರ್ಷಕ್ಕೊಮ್ಮೆ ಭೂಮಿಯ ಹೊರಪದರ ಒಟ್ಟಾಗಿ ಜಾರುತ್ತದೆ, ಸಮುದ್ರ ನೆಲದ ಮೇಲೆ ಹರಿಯುತ್ತದೆ, ಹಿಂದಿನ ಸುತ್ತಿನಲ್ಲಿ ಒಂದು ಮುಂದುವರಿದ ನಾಗರಿಕತೆ ಹಾಗೆಯೇ ಅಳಿಯಿತು, ಈಗ ಮತ್ತೆ ಸರದಿ ಬಂದಿದೆ.

ಈ ಕತೆ ಪೂರ್ತಿ ಗಾಳಿಯಲ್ಲಿ ಕಟ್ಟಿದ್ದಲ್ಲ ಎಂಬುದೇ ತೊಡಕು. ಸುಮಾರು 12,900 ವರ್ಷಗಳ ಹಿಂದೆ ಹವಾಮಾನ ಥಟ್ಟನೆ ಚಳಿಗೆ ತಿರುಗಿ ಸಾವಿರದಿನ್ನೂರು ವರ್ಷ ಹಾಗೇ ಇದ್ದದ್ದು ನಿಜ. ಟರ್ಕಿಯ ಗೊಬೆಕ್ಲಿ ಟೆಪೆಯಲ್ಲಿ ಹನ್ನೊಂದು ಸಾವಿರ ವರ್ಷಕ್ಕೂ ಹಳೆಯ ಕೆತ್ತನೆಯ ಕಂಬಗಳಿರುವುದು ನಿಜ. ದಿಕ್ಸೂಚಿಯ ಮುಳ್ಳು ತೋರುವ ಕಾಂತೀಯ ಉತ್ತರ ಧ್ರುವ ಕೆನಡಾ ಕಡೆಯಿಂದ ಸೈಬೀರಿಯಾ ಕಡೆಗೆ ಸರಿಯುತ್ತಿರುವುದೂ ನಿಜ. ಈ ನಿಜಗಳನ್ನೆಲ್ಲ ಪೋಣಿಸಿರುವ ದಾರ ಮಾತ್ರ ಚಾರ್ಲ್ಸ್ ಹ್ಯಾಪ್‌ಗುಡ್ ಎಂಬ ಅಮೆರಿಕದ ಮೇಷ್ಟರು 1958ರಲ್ಲಿ ಮುಂದಿಟ್ಟ ಹೊರಪದರ ಜಾರುವ ವಾದ. ಅದಕ್ಕೆ ಐನ್‌ಸ್ಟೈನ್ ಮುನ್ನುಡಿ ಬರೆದಿದ್ದರು ಎಂಬುದನ್ನು ಶಿವಣ್ಣ ಬಾರಿಬಾರಿಗೂ ಹೇಳಿದರು. ಹೌದು, ಬರೆದಿದ್ದರು. ಆಮೇಲೆ 1960ರ ದಶಕದಲ್ಲಿ, ಹೊರಪದರ ಹಲವು ಫಲಕಗಳಾಗಿ ಒಡೆದಿದೆ ಎನ್ನುವ ಭೂಫಲಕಗಳ ಸಿದ್ಧಾಂತ ನೆಲೆಯೂರಿತು, ಅದು ಒಟ್ಟಾಗಿ ಜಾರುವ ವಾದ ಬಿದ್ದುಹೋಯಿತು. ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಮಾತ್ರ ಸರಿಯುತ್ತವೆ. ಕಾಂತೀಯ ಧ್ರುವ ಪೂರ್ತಿ ಅದಲುಬದಲಾದದ್ದು ಕಡೆಯ ಬಾರಿ ಸುಮಾರು 7.8 ಲಕ್ಷ ವರ್ಷಗಳ ಹಿಂದೆ, ಆಗಲೂ ಕಾಲ ಕೆಳಗಿನ ನೆಲ ತಿರುಗಲಿಲ್ಲ.

ಇದಿಷ್ಟನ್ನು ನಾನು ಓದಿಕೊಂಡಿದ್ದರೂ ಅವರ ಮುಂದೆ ಬಿಚ್ಚಲಿಲ್ಲ. ವರ್ಷಗಟ್ಟಲೆ ಇದರಲ್ಲೇ ಮುಳುಗಿದವರ ಜೊತೆ ವಾದಕ್ಕಿಳಿದರೆ ಸಲಹೆಗಾರರೂ ಸತ್ಯವನ್ನು "ಮುಚ್ಚಿಡುವವರ" ಪಟ್ಟಿಗೆ ಸೇರಿಬಿಡುತ್ತಾರೆ. ಮೊದಲು ಬೇರೆಯದನ್ನು ನೋಡಬೇಕಿತ್ತು. ದನಿ ಕೇಳಿಸುತ್ತದೆಯೇ? ವಿಡಿಯೊದವರು ನಿಮಗೊಬ್ಬರಿಗೇ ಗುಟ್ಟಾಗಿ ಸಂದೇಶ ಕೊಡುತ್ತಾರೆ ಅನ್ನಿಸುತ್ತದೆಯೇ? ಯಾರಾದರೂ ಹಿಂಬಾಲಿಸುತ್ತಾರೆಯೇ? ಇಲ್ಲ. ಕೆಲಸದಲ್ಲಿ ತಪ್ಪಿಲ್ಲ, ಲೆಕ್ಕ ನೆಟ್ಟಗಿದೆ. ಲೋಕದಲ್ಲಿ ಸಾವಿರಾರು ಜನ ಹಂಚಿಕೊಂಡ ನಂಬಿಕೆಯನ್ನು ನಂಬುವುದಷ್ಟೇ ಮನೋರೋಗವಲ್ಲ. ಆದರೂ ನಿದ್ದೆಗಾಗಿ ಮನೋವೈದ್ಯರ ಬಳಿ ಕಳಿಸಿದೆ. ಈ ಹೆಜ್ಜೆ ಬಿಡುವಂಥದ್ದಲ್ಲ.

ಎರಡನೇ ಭೇಟಿಗೆ ಅವರು ಚೀಲದಿಂದ ಒಂದು ಕಲ್ಲು ತೆಗೆದು ಮೇಜಿನ ಮೇಲಿಟ್ಟರು. ಕುಡತಿನಿ ಬೂದಿದಿಬ್ಬದ ಹತ್ತಿರ ಸಿಕ್ಕಿದ್ದಂತೆ. ಬೂದು ಬಣ್ಣ, ಒಂದು ಮಗ್ಗುಲಲ್ಲಿ ಗಾಜಿನ ಹೊಳಪು, ತುಂಬ ಸಣ್ಣ ಸಣ್ಣ ತೂತು, ಗಾತ್ರಕ್ಕೆ ತಕ್ಕ ತೂಕವಿಲ್ಲ. "ಇದು ಕಿಟ್ಟ ಮೇಡಂ, ಲೋಹ ಕರಗಿಸಿದಾಗ ಉಳಿಯೋ ಕಸ. ನಾನು ದಿನಾ ನೋಡ್ತೀನಿ. ಕುರಿ ಕಾಯೋರ ಹತ್ರ ಫರ್ನೇಸ್ ಇತ್ತಾ?" ಆಕಾಶದಿಂದ ಬಿದ್ದ ಬೆಂಕಿಯ ಗುರುತು ಅದು ಎಂದು ಅವರ ತರ್ಕ. ಹಂಪಿ ಹತ್ತಿರದ ನಿಂಬಾಪುರದ ಇಂಥದ್ದೇ ದಿಬ್ಬವನ್ನು ಊರವರು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ.

ನಾನು ಕೇಳಿದ್ದು ಒಂದೇ: ಪ್ಲಾಂಟಿನಲ್ಲಿ ಹೀಗೊಂದು ತುಂಡು ಸಿಕ್ಕರೆ ಏನು ಮಾಡುತ್ತೀರಿ? "ಯಾವ ಹೀಟಿಂದು, ಅಂದ್ರ ಯಾವ ಸಲ ಕರಗಿಸಿದ್ದು, ಏನೇನು ಬೆರೆತೈತಿ ಅಂತ ನೋಡ್ತೀವಿ." ಹಾಗಾದರೆ ಇದಕ್ಕೂ ಅಷ್ಟನ್ನೇ ಮಾಡಿ ಎಂದೆ. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯವಿದೆ. ಹತ್ತೊಂಬತ್ತನೇ ಶತಮಾನದಲ್ಲೇ ಈ ದಿಬ್ಬಗಳು ದನದ ಸಗಣಿ ಸುಟ್ಟ ಬೂದಿ ಎಂದವರು ಭೂವಿಜ್ಞಾನಿ ಫೂಟ್. ಪುರಾತತ್ವಜ್ಞ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಅಚ್ಚೇ ಸಿಕ್ಕಿತು. ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳ ದೊಡ್ಡಿ. ಶಿವಣ್ಣ ಮಗಳನ್ನೂ ಕರೆದುಕೊಂಡು ಹೋಗಿ ಸಂಗ್ರಹಾಲಯ ನೋಡಿ ಬಂದರು. ಉತ್ತರ ಅವರೇ ಕಟ್ಟಿದರು: ಹುಲ್ಲಿನಲ್ಲಿ ಸಿಲಿಕಾ ಇದೆ, ಬೂದಿಯ ಕ್ಷಾರ ಫ್ಲಕ್ಸ್‌ನಂತೆ, ಅಂದರೆ ಬೇಗ ಕರಗಿಸುವ ಬೆರಕೆಯಂತೆ, ಕೆಲಸ ಮಾಡುತ್ತದೆ, ರಾಶಿ ಸಗಣಿ ದಿನಗಟ್ಟಲೆ ಉರಿದರೆ ಕರಗಿ ಗಾಜಾಗುತ್ತದೆ. ಹೊರಪದರ ಜಾರುವ ವಾದವನ್ನು ಅವರು ಬಿಟ್ಟುಕೊಡಲಿಲ್ಲ. ಆ ಒಂದು ಕಲ್ಲನ್ನು ಮಾತ್ರ ಸಾಕ್ಷಿಯ ಪಟ್ಟಿಯಿಂದ ತೆಗೆದರು. ನನಗೆ ಅಷ್ಟೇ ಸಾಕಾಗಿತ್ತು.

ಒಂದು ದಿನ ಅವರ ತಾಯಿಯೂ ಬಂದಿದ್ದರು. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಡಿದಾಗ ಪ್ರಳಯ ಬರುತ್ತದೆಂದು ಹೆದರಿ ದೇಶಕ್ಕೆ ದೇಶವೇ ಹೋಮ ಮಾಡಿಸಿತ್ತು, ಆಗ ಅವರು ಹುಡುಗಿ. "ನಮ್ಮಪ್ಪ ಎತ್ತು ಮಾರಿ ಓಣಿಗೆಲ್ಲ ಹೋಳಿಗಿ ಉಣಿಸಿದ. ಮುಂದ ಭೂಮಿ ಹಂಗೇ ಇತ್ತು, ಎತ್ತು ಇರಲಿಲ್ಲ." ಶಿವಣ್ಣ ನಕ್ಕರು. ಹೆಂಡತಿ ನಗಲಿಲ್ಲ.

ಕೊಟ್ಟ ಸಲಹೆಗೆ ಬರುತ್ತೇನೆ. ಹಿಂದೆ ಪ್ರಳಯ ಆಯಿತೋ ಇಲ್ಲವೋ ಎಂಬುದು ನನ್ನ ಕೋಣೆಯಲ್ಲಿ ತೀರುವ ವ್ಯಾಜ್ಯವಲ್ಲ, ಆ ನಂಬಿಕೆ ಅವರಿಗಿರಲಿ. ಪಿಎಫ್ ಹಣ ಮಾತ್ರ ಮನೆಯದು. ಹತ್ತು ಸಾವಿರ ದಾಟುವ ಯಾವ ಖರ್ಚಿಗೂ ಇಬ್ಬರೂ ಒಪ್ಪಬೇಕು, ಒಪ್ಪಿದ ಮೇಲೂ ತಿಂಗಳು ಕಾಯಬೇಕು. ನಿಜವಾದ ತುರ್ತು ಎಂದರೆ ಆಸ್ಪತ್ರೆ ಮಾತ್ರ. ಮಗಳ ಓದು ಈ ಲೆಕ್ಕದಿಂದ ಪೂರ್ತಿ ಹೊರಗೆ. ಅಪ್ಪ ಸರಿಯೋ ಅಮ್ಮ ಸರಿಯೋ ಎಂದು ಅವಳನ್ನು ಕೇಳಕೂಡದು. ಹತ್ತು ಗಂಟೆಯ ಮೇಲೆ ಮೊಬೈಲ್ ಅಡುಗೆಮನೆಯಲ್ಲಿ. ವಿಡಿಯೊದವರು ಇಂಥ ತಿಂಗಳು ಇಂಥದ್ದು ಆಗುತ್ತದೆ ಎಂದಾಗ ದಿನಾಂಕ ಹಾಕಿ ಬರೆದಿಡುವುದು, ಆ ತಿಂಗಳು ಕಳೆದ ಮೇಲೆ ತಾವೇ ತೆರೆದು ನೋಡುವುದು.

ಹೆಂಡತಿಗೆ ಹೇಳಿದ್ದು ಇನ್ನೂ ಕಷ್ಟದ್ದು: ನೆಂಟರ ಮುಂದೆ ಹಂಗಿಸಬೇಡಿ, ಕದ್ದು ಆ್ಯಪ್ ತೆಗೆಯಬೇಡಿ. ಅವಮಾನವಾದ ದಿನ ಅವರಿಗೆ ಆಸರೆ ಆ ವಿಡಿಯೊಗಳೇ. ನಿದ್ದೆ ಪೂರ್ತಿ ಕೆಟ್ಟರೆ, ತನಗೊಬ್ಬನಿಗೇ ಅಪ್ಪಣೆ ಬಂದಿದೆ ಎಂದರೆ, ಮನೆಮಂದಿಯನ್ನು ಬಲವಂತವಾಗಿ ಹೊರಡಿಸಿದರೆ ಕಾಯಬೇಡಿ, ವೈದ್ಯರ ಬಳಿ ಹೋಗಿ; ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಗುಡ್ಡದ ಜಮೀನಿನವನು ಮುಂಗಡದಲ್ಲಿ ಅರ್ಧ ಹಿಂದಿರುಗಿಸಿದ, ಉಳಿದದ್ದಕ್ಕೆ ಇನ್ನೂ ಸತಾಯಿಸುತ್ತಿದ್ದಾನೆ. ಮಗಳು ಸಿಇಟಿ ಅರ್ಜಿ ಹಾಕಿದ್ದಾಳೆ, ಶುಲ್ಕ ಕಟ್ಟಿದ್ದು ಶಿವಣ್ಣನೇ. ಭಾನುವಾರ ಮಧ್ಯಾಹ್ನ ವಿಡಿಯೊ ನೋಡುವುದು ಈಗಲೂ ಇದೆ.