ಸಾರಿ ಕೇಳಿದ ಮೇಲೂ ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ

ಪ್ರಶ್ನೆ: ಅಣ್ಣ-ಅತ್ತಿಗೆ ಎದುರು ಮಾತಿಗೆ ಮಾತು ಬೆಳೆದು, ಹೆಂಡತಿಗೆ ‘ನಿನ್ನ ಸಂಬಳದಿಂದ ಮನೆ ನಡೀತಿದೆಯಾ?’ ಅಂದುಬಿಟ್ಟೆ. ಅವತ್ತೇ ಸಾರಿ ಅಂತ ಮೆಸೇಜ್ ಹಾಕಿದೆ. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಅವಳು ಜಗಳವಾಡುತ್ತಿಲ್ಲ, ಆದರೆ ಎಷ್ಟು ಬೇಕೋ ಅಷ್ಟೇ ಮಾತು. ಇನ್ನೆಷ್ಟು ಸಲ ಕ್ಷಮೆ ಕೇಳಬೇಕು?

ಉತ್ತರ: ಇನ್ನೊಂದೇ ಸಲ ಸಾಕು, ಸರಿಯಾಗಿ ಕೇಳಿದರೆ.

‘ಸಿಟ್ಟಲ್ಲಿ ಬಾಯಿಗೆ ಬಂತು’ ಎಂಬ ಸಮಜಾಯಿಷಿ ಬಿಡಿ. ಸಿಟ್ಟಿನಲ್ಲಿ ಬೇರೆ ಏನೋ ಬರಬಹುದಿತ್ತು, ಸಂಬಳದ ಮಾತೇ ಯಾಕೆ ಬಂತು? ‘ಇವರ ಮನಸ್ಸಲ್ಲಿ ಇಷ್ಟು ದಿನ ಇದೇ ಇತ್ತಾ?’ ಅಂತ ಅವರೂ ಯೋಚಿಸುತ್ತಿರಬಹುದು. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಹಣದ ಬಗ್ಗೆ ನಿಜವಾಗಿಯೂ ಬೇಸರವಿದ್ದರೆ ಅದನ್ನು ಬೇರೆ ದಿನ ಕೂತು ಮಾತಾಡಿ. ಕ್ಷಮೆಯ ಜೊತೆ ಬೆರೆಸಬೇಡಿ.

ಫೋನ್ ಪಕ್ಕಕ್ಕಿಟ್ಟು ಎದುರು ಕೂತು, ಆಡಿದ್ದನ್ನೇ ಹೆಸರಿಸಿ: ‘ಅಣ್ಣ-ಅತ್ತಿಗೆ ಮುಂದೆ ನಿನ್ನ ದುಡಿಮೆಯನ್ನು ಹಂಗಿಸಿದೆ. ನಿನಗೆ ಅವಮಾನವಾಯಿತು. ತಪ್ಪು ನನ್ನದು.’ ಅಲ್ಲಿಗೇ ನಿಲ್ಲಿಸಿ. ‘ಕ್ಷಮಿಸಿದ್ಯಾ?’ ಅಂತ ಕೇಳಬೇಡಿ, ಅದು ನಿಮ್ಮ ಸಮಾಧಾನಕ್ಕೆ ಕೇಳುವ ಪ್ರಶ್ನೆ. ಅವರು ಹಳೆಯದನ್ನೂ ಕೆದಕಬಹುದು. ಕೇಳಿಸಿಕೊಳ್ಳಿ. ಎದೆ ಡವಡವ ಎನ್ನತೊಡಗಿದರೆ ಮಾತು ನಿಲ್ಲಿಸುವುದೇ ವಾಸಿ. ದಂಪತಿಗಳ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು ಎನ್ನುತ್ತಾರೆ. ಆದರೆ ‘ಅರ್ಧ ಗಂಟೆ ಬಿಟ್ಟು ಬರ್ತೀನಿ’ ಅಂತ ಹೇಳಿ ಏಳಿ, ಹೇಳಿದ ಹಾಗೆ ವಾಪಸ್ ಬನ್ನಿ. ಸುಮ್ನೆ ಎದ್ದು ಹೋದರೆ ಇನ್ನೊಂದು ಗಾಯ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಹಂಗಿಸಿದ್ದು ನಾಲ್ಕು ಜನರ ಎದುರು, ಸಾರಿ ಮಾತ್ರ ಗುಟ್ಟಾಗಿ! ಅಣ್ಣ-ಅತ್ತಿಗೆ ಕಿವಿಯಲ್ಲಿ ಈಗಲೂ ಉಳಿದಿರುವುದು ನಿಮ್ಮ ಚುಚ್ಚುಮಾತು ತಾನೇ? ಮುಂದಿನ ಸಲ ಅವರ ಮುಖ ನೋಡೋದು ಹೇಗೆ ಅನ್ನೋ ಸಂಕಟ ನಿಮ್ಮ ಹೆಂಡತಿಯದ್ದು. ‘ಅವರಿಗೂ ಹೇಳ್ಲಾ?’ ಅಂತ ಕೇಳಿ. ಒಪ್ಪಿದರೆ, ‘ಅವತ್ತು ನಾನು ಹಾಗೆ ಅನ್ನಬಾರದಿತ್ತು’ ಅಂತ ಅಣ್ಣ-ಅತ್ತಿಗೆಗೆ ನೀವೇ ಹೇಳಿ. ನೀವು ಹಾಕಿದ ಹತ್ತು ಮೆಸೇಜಿಗಿಂತ ಇದರ ತೂಕ ಜಾಸ್ತಿ.

ಆಮೇಲೂ ಕೆಲವು ದಿನ ಮೌನ ಇರಬಹುದು. ಆಫೀಸಿನ ಯಾವುದೋ ಸಣ್ಣ ಸುದ್ದಿ ಅವರ ಬಾಯಿಂದ ಬಂದರೆ ಮೊಬೈಲಿನಿಂದ ತಲೆ ಎತ್ತಿ ಕೇಳಿ. ಇಂಥ ಮಾತು ಮನೆಯಲ್ಲಿ ಪದೇಪದೇ ಬರುತ್ತಿದ್ದರೆ ಮಾತ್ರ ಇಬ್ಬರೂ ಆಪ್ತಸಮಾಲೋಚಕರನ್ನು ಕಾಣಿ.