ಆಡು ಕಂದು ಹಾಕಿದವು, ಅಪ್ಪಾರಿಗೆ ಜ್ವರ: ಪಿಸಿಆರ್ ಬೇಕಾ?

ಸುರಪುರದ ಗೆಳೆಯರೇ, ಎರಡು ಆಡು ಕಂದು ಹಾಕಿವೆ, ಅಪ್ಪಾರಿಗೆ ಬಿಟ್ಟು ಬಿಟ್ಟು ಜ್ವರ, ಬ್ರುಸೆಲ್ಲೋಸಿಸ್ (ಆಡು, ದನಗಳಿಂದ ಮನುಷ್ಯರಿಗೂ ಹರಡುವ ಬ್ರುಸೆಲ್ಲಾ ರೋಗಾಣುವಿನ ಕಾಯಿಲೆ) ಇದೆಯಾ ಅಂತ ನೋಡುವ ರೋಸ್ ಬೆಂಗಾಲ್ ರಕ್ತ ಪರೀಕ್ಷೆ ಪಾಸಿಟಿವ್. ಪಿಸಿಆರ್, ಜೀನೋಟೈಪಿಂಗ್ (ರೋಗಾಣುವಿನ ತಳಿ ಗುರುತಿಸುವ ಪರೀಕ್ಷೆ) ಎರಡೂ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಅಪ್ಪಾರ ಚಿಕಿತ್ಸೆಗೆ ಪಿಸಿಆರ್ ಕಾಯಬೇಡಿ. ರೋಸ್ ಬೆಂಗಾಲ್ ಹುಡುಕೋದು ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತು. ಆ ಫಲಿತಾಂಶವನ್ನು ಎಲೈಸಾ ಎಂಬ ಇನ್ನೊಂದು ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಂಡು ಡಾಕ್ಟರು ಔಷಧ ಶುರು ಮಾಡಬಹುದು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧ, 6 ವಾರ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಮರಳಬಹುದು. ಮನೆಯಲ್ಲಿ ಆಡು ಇವೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಟೈಫಾಯ್ಡ್ ಅಂದುಕೊಳ್ಳುವ ಸಾಧ್ಯತೆ ಇದೆ.

ಪಿಸಿಆರ್ ಹುಡುಕೋದು ರೋಗಾಣುವಿನ ಡಿಎನ್‌ಎ. ರಕ್ತದಲ್ಲಿ ರೋಗಾಣು ಕಡಿಮೆಯಿದ್ದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಸತ್ತ ರೋಗಾಣುವಿನ ಡಿಎನ್‌ಎ ಕೂಡ ಪಾಸಿಟಿವ್ ತೋರಿಸಬಹುದು. ಆದರೆ ಆಡುಗಳ ವಿಷಯದಲ್ಲಿ ಪಿಸಿಆರ್ ಉಪಯೋಗಕ್ಕೆ ಬರುತ್ತದೆ: ಕಂದಿನ ಹೊಟ್ಟೆಯ ದ್ರವ, ಮಾಸು ಒಳ್ಳೆಯ ಮಾದರಿ. ಬರಿಗೈಲಿ ಮಾತ್ರ ಮುಟ್ಟಬೇಡಿ, ಪಶುವೈದ್ಯರೇ ತೆಗೆಯಲಿ. ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ಲೂ ವಿಚಾರಿಸಿ. ರೋಗಾಣು ಆಡು-ಕುರಿಯಲ್ಲಿ ಹೆಚ್ಚಾಗಿ ಕಾಣುವ ಬ್ರುಸೆಲ್ಲಾ ಮೆಲಿಟೆನ್ಸಿಸ್ಸೋ, ದನದಲ್ಲಿ ಹೆಚ್ಚಾಗಿ ಕಾಣುವ ಬ್ರುಸೆಲ್ಲಾ ಅಬಾರ್ಟಸ್ಸೋ ಅನ್ನೋದನ್ನು ಆಮೋಸ್ ಎಂಬ ಬಗೆಯ ಪಿಸಿಆರ್ ಬೇರ್ಪಡಿಸುತ್ತದೆ.

ಜೀನೋಟೈಪಿಂಗ್ ಸೋಂಕಿನ ಮೂಲ ಹುಡುಕುವ ಸಂಶೋಧಕರ ಕೆಲಸ. ಎಂಎಲ್‌ವಿಎ ಎಂಬ ಜೀನೋಟೈಪಿಂಗ್ ವಿಧಾನದಲ್ಲಿ ಅಪ್ಪಾರ ರೋಗಾಣುವೂ ಆಡಿನದೂ ಒಂದೇ ತಳಿಯಾ ಅಂತ ಹೋಲಿಸಬಹುದು, ಆದರೆ ಔಷಧ ಅದರಿಂದ ಬದಲಾಗೋದಿಲ್ಲ. ಆ ದುಡ್ಡು ಉಳಿಸಿ, ಉಳಿದ ಆಡುಗಳ ರಕ್ತ ಪರೀಕ್ಷೆ ಮಾಡಿಸಿ. ಹಾಲು ಕುದಿಸದೆ ಯಾರೂ ಕುಡಿಯಬೇಡಿ.